‘ಹೇಗಿದ್ದೀರಿ?’ ಎಂದು ಕೇಳಲು ಒಂದು ಬಜೆಟ್

1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೋಟೊ ಒಂದು ಸರಳ ಪ್ರಯೋಗಕ್ಕೆ ಕೈಹಾಕಿದರು. ಖಿನ್ನತೆಯಿಂದಲೋ ಸಾಯುವ ಯೋಚನೆಯಿಂದಲೋ ಆಸ್ಪತ್ರೆ ಸೇರಿ ಮನೆಗೆ ಮರಳಿದವರಲ್ಲಿ, ಮುಂದಿನ ಚಿಕಿತ್ಸೆ ಬೇಡವೆಂದವರು ಅಥವಾ ಅರ್ಧಕ್ಕೇ ಬಿಟ್ಟವರು 843 ಮಂದಿ ಇದ್ದರು. ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಮಾತ್ರ ಐದು ವರ್ಷ ಪತ್ರ ಬರೆಸಿದರು. ಮೊದಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೊಂದು, ಕೊನೆಗೆ ಮೂರು ತಿಂಗಳಿಗೊಂದು. ಪ್ರತಿ ಪತ್ರವೂ ಎರಡು ಮೂರು ಸಾಲಿನದು. ನೀವು ಹೋಗಿ ಕೆಲವು ದಿನವಾಯಿತು, ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅದರ ಸಾರ. ಮಾತ್ರೆ ನುಂಗುತ್ತಿದ್ದೀರಾ ಎಂಬ ವಿಚಾರಣೆ ಅದರಲ್ಲಿರಲಿಲ್ಲ. ಬಂದು ಕಾಣಿ ಎಂಬ ಒತ್ತಾಯವೂ ಇರಲಿಲ್ಲ.

ಈ ಯೋಚನೆ ಮೋಟೊ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಅವರೂ ಸೈನಿಕರಾಗಿದ್ದರು. ಆ ದಿನಗಳಲ್ಲಿ ಪರಿಚಯದ ಯುವತಿಯೊಬ್ಬಳು ಏನನ್ನೂ ಬಯಸದೆ ಬರೆಯುತ್ತಿದ್ದ ಪತ್ರಗಳು ತಮ್ಮನ್ನು ಹಿಡಿದು ನಿಲ್ಲಿಸಿದ್ದು ಅವರಿಗೆ ನೆನಪಿತ್ತು. ಪ್ರಯೋಗದ ಪೂರ್ಣ ಫಲಿತಾಂಶ ಪ್ರಕಟವಾದದ್ದು 2001ರಲ್ಲಿ. ಪತ್ರ ಬಂದ ಗುಂಪಿನಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಿಮೆ ಇತ್ತು; ಮೊದಲ ಎರಡು ವರ್ಷಗಳಲ್ಲಂತೂ ವ್ಯತ್ಯಾಸ ಎದ್ದು ಕಾಣುವಂತಿತ್ತು.

ಸೈನಿಕನೊಬ್ಬನ ಆ ನೆನಪು ಸುತ್ತಿ ಬಳಸಿ ಸೈನಿಕರ ಬಳಿಗೇ ಮರಳಿದೆ. 2020ರಿಂದ ಅಮೆರಿಕದ ಮಾಜಿ ಸೈನಿಕರ ಇಲಾಖೆ, ತನ್ನ ಸಂಕಷ್ಟ ಸಹಾಯವಾಣಿಗೆ ಕರೆ ಮಾಡಿದವರ ಮನೆಗೆ ಇಂಥದ್ದೇ ಪತ್ರಗಳನ್ನು ಕಳಿಸುತ್ತಿದೆ. ‘ಹೇಗಿದ್ದೀರಿ’ ಎಂದು ವಿಚಾರಿಸುವುದಕ್ಕೆ ಒಂದು ಸರ್ಕಾರ ತನ್ನ ಬಜೆಟ್ಟಿನಲ್ಲಿ ದುಡ್ಡು ತೆಗೆದಿಟ್ಟಿದೆ. ಆ ದುಡ್ಡು ಹೇಗೆ ಬಂತು, ಎಲ್ಲಿಗೆ ಹೋಯಿತು, ಎಲ್ಲಿ ಎಡವಿತು ಎಂಬುದನ್ನು ಮನೆಮನೆಯಿಂದ ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ನಾವು ತಿಳಿದುಕೊಳ್ಳಬೇಕು.

ಲೆಕ್ಕ ಇಟ್ಟಿದ್ದರಿಂದ ಗೊತ್ತಾದದ್ದು

ಅಮೆರಿಕದಲ್ಲಿ ಮಾಜಿ ಸೈನಿಕರ ಸಂಖ್ಯೆ ಸುಮಾರು 1.8 ಕೋಟಿ. ಅವರ ಆಸ್ಪತ್ರೆ, ಪಿಂಚಣಿ, ಸಾಲ, ಓದು ಎಲ್ಲವನ್ನೂ ನೋಡಿಕೊಳ್ಳುವ ಇಲಾಖೆಗೆ ಅಲ್ಲಿನ ಜನ ಚಿಕ್ಕದಾಗಿ ‘ವಿಎ’ ಎನ್ನುತ್ತಾರೆ. ಈ ಇಲಾಖೆ ಪ್ರತಿವರ್ಷ ಆತ್ಮಹತ್ಯೆ ತಡೆಯ ವರದಿ ಹೊರತರುತ್ತದೆ. 2022ರ ಲೆಕ್ಕದ ಪ್ರಕಾರ ಆ ವರ್ಷ ಹೀಗೆ ತೀರಿಕೊಂಡ ಮಾಜಿ ಸೈನಿಕರು 6,407 ಮಂದಿ. ದಿನಕ್ಕೆ ಸರಾಸರಿ 17.6.

‘ದಿನಕ್ಕೆ 22’ ಎಂಬ ಘೋಷಣೆಯನ್ನು ಕೆಲವರು ಕೇಳಿರಬಹುದು. ಅದು 2012ರ ವರದಿಯಿಂದ ಬಂದದ್ದು. ಆಗ ಮಾಹಿತಿ ಸಿಕ್ಕಿದ್ದು 21 ರಾಜ್ಯಗಳದ್ದು ಮಾತ್ರ. ಆಮೇಲೆ ಎಲ್ಲ ರಾಜ್ಯಗಳ ಮರಣ ದಾಖಲೆ ಮತ್ತು ಸೇನಾ ದಾಖಲೆಗಳನ್ನು ತಾಳೆ ನೋಡುವ ವ್ಯವಸ್ಥೆ ಬಂತು, ಲೆಕ್ಕ ಖಚಿತವಾಯಿತು. ಆ ಲೆಕ್ಕದೊಳಗೆ ಇನ್ನೊಂದು ಸತ್ಯ ಅಡಗಿತ್ತು. ತೀರಿಕೊಂಡವರಲ್ಲಿ ಸುಮಾರು ಶೇ 60ರಷ್ಟು ಮಂದಿ ಆ ವರ್ಷವಾಗಲಿ ಹಿಂದಿನ ವರ್ಷವಾಗಲಿ ವಿಎ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ.

ಈ ಒಂದು ಅಂಕಿ ಇಡೀ ಯೋಚನೆಯ ದಿಕ್ಕನ್ನೇ ಬದಲಿಸಿತು. ಆಸ್ಪತ್ರೆಗೆ ಎಷ್ಟು ಕೋಟಿ ಸುರಿದರೂ, ಬಾರದವನಿಗೆ ಅದರಿಂದ ಏನು ಪ್ರಯೋಜನ? ನೋವನ್ನು ನುಂಗಿಕೊಳ್ಳುವುದನ್ನೇ ಶಿಸ್ತೆಂದು ಕಲಿತವನು ಅವನು. ಕಾಲಿಗೆ ಪೆಟ್ಟಾದರೆ ಹೇಳುತ್ತಾನೆ, ಮನಸ್ಸಿಗಾದರೆ ಹೇಳುವುದಿಲ್ಲ. ಹಾಗಾದರೆ ದುಡ್ಡೇ ಎದ್ದು ಅವನ ಮನೆಯ ಕಡೆ ನಡೆಯಬೇಕು.

ಕಾಯ್ದೆಗಳಿಗೆ ತೀರಿಕೊಂಡವರ ಹೆಸರು

ದುಡ್ಡಿಗೆ ಆ ದಾರಿ ತೋರಿಸಿದ ಅಮೆರಿಕದ ಕಾಯ್ದೆಗಳಿಗೆ ಇರುವುದು ಹೀಗೆ ತೀರಿಕೊಂಡ ಸೈನಿಕರ ಹೆಸರು. ಅಯೋವಾ ರಾಜ್ಯದ ಜೋಶುವಾ ಓಮ್‌ವಿಗ್ ಇರಾಕ್‌ನಿಂದ ಮನೆಗೆ ಬಂದ ಕೆಲವೇ ವಾರಗಳಲ್ಲಿ, 2005ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವನಿಗೆ 22 ವರ್ಷ. ತಂದೆ ತಾಯಿ ಸುಮ್ಮನೆ ಕೂರಲಿಲ್ಲ. ಎರಡು ವರ್ಷದೊಳಗೆ, 2007ರ ನವೆಂಬರಿನಲ್ಲಿ, ಅವನ ಹೆಸರಿನ ಕಾಯ್ದೆ ಬಂತು. ಪ್ರತಿ ವಿಎ ಆಸ್ಪತ್ರೆಯಲ್ಲೂ ಆತ್ಮಹತ್ಯೆ ತಡೆಗೆಂದೇ ಒಬ್ಬ ಸಂಯೋಜಕ ಇರಬೇಕು, ದಿನದ 24 ಗಂಟೆಯೂ ಮಾನಸಿಕ ಚಿಕಿತ್ಸೆ ಸಿಗಬೇಕು ಎಂದು ಅದು ಕಡ್ಡಾಯ ಮಾಡಿತು. ಸಹಾಯವಾಣಿಯೂ ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಕ್ಯಾನಂಡೈಗ್ವಾ ಎಂಬ ಸಣ್ಣ ಊರಿನಲ್ಲಿ ಶುರುವಾಯಿತು. 2022ರ ಜುಲೈನಿಂದ ಅದರ ದಾರಿ ಇನ್ನೂ ಸುಲಭ: 988ಕ್ಕೆ ಕರೆ ಮಾಡಿ 1 ಒತ್ತಿದರೆ ಸಾಕು.

2015ರ ಕಾಯ್ದೆ ಕ್ಲೇ ಹಂಟ್ ಹೆಸರಿನದು. ಇರಾಕ್, ಅಫ್ಗಾನಿಸ್ತಾನ ಎರಡನ್ನೂ ಕಂಡ ಮರೀನ್ ಸೈನಿಕ. ಹೈಟಿ ಭೂಕಂಪದಲ್ಲಿ ನೊಂದವರ ಸೇವೆಗೆ ಹೋದವನು. ಸಂಗಾತಿ ಸೈನಿಕರಿಗೆ ಸಹಾಯ ಕೇಳಿ ಎಂದು ಹೇಳುವ ಜಾಹೀರಾತಿನಲ್ಲಿ ಸ್ವತಃ ಕಾಣಿಸಿಕೊಂಡವನು. 2011ರಲ್ಲಿ, 28ರ ವಯಸ್ಸಿನಲ್ಲಿ ತೀರಿಕೊಂಡ. ಇಲಾಖೆಯ ಮಾನಸಿಕ ಆರೋಗ್ಯ ಕಾರ್ಯಕ್ರಮಗಳನ್ನು ಹೊರಗಿನವರು ವರ್ಷ ವರ್ಷ ಮೌಲ್ಯಮಾಪನ ಮಾಡಬೇಕು ಎಂಬ ಷರತ್ತು ಬಂದದ್ದು ಅವನ ಕಾಯ್ದೆಯಿಂದ.

ನೌಕಾಪಡೆಯ ಕಮಾಂಡರ್ ಜಾನ್ ಸ್ಕಾಟ್ ಹ್ಯಾನನ್ 23 ವರ್ಷ ಸೇವೆ ಸಲ್ಲಿಸಿ ಮೊಂಟಾನಾಕ್ಕೆ ಬಂದು ನೆಲೆಸಿದವರು. ತಮ್ಮ ಮಾನಸಿಕ ಕಾಯಿಲೆಯನ್ನು ಮುಚ್ಚಿಡದೆ ಹೇಳಿಕೊಂಡು, ಅದೇ ಕಷ್ಟದಲ್ಲಿದ್ದ ಇತರರಿಗೆ ಹೆಗಲಾದವರು. 2018ರಲ್ಲಿ ಅವರೂ ಉಳಿಯಲಿಲ್ಲ. ಅವರ ಹೆಸರಿನ ಕಾಯ್ದೆಗೆ 2020ರ ಅಕ್ಟೋಬರ್ 17ರಂದು ಸಹಿ ಬಿತ್ತು. ಮೊಂಟಾನಾದ ಡೆಮಾಕ್ರಟಿಕ್ ಸೆನೆಟರ್ ಜಾನ್ ಟೆಸ್ಟರ್, ಕಾನ್ಸಸ್‌ನ ರಿಪಬ್ಲಿಕನ್ ಸೆನೆಟರ್ ಜೆರ್ರಿ ಮೊರಾನ್ ಪಕ್ಷಭೇದ ಬಿಟ್ಟು ಇದಕ್ಕಾಗಿ ಕೈಜೋಡಿಸಿದ್ದರು.

ಮನೆ ಬಾಗಿಲಿಗೆ ಹೋಗುವ ಅನುದಾನ

ಹ್ಯಾನನ್ ಕಾಯ್ದೆಯೊಳಗೆ ಇನ್ನೊಬ್ಬನ ಹೆಸರಿದೆ. ಸ್ಟಾಫ್ ಸಾರ್ಜೆಂಟ್ ಪಾರ್ಕರ್ ಗಾರ್ಡನ್ ಫಾಕ್ಸ್, 2014ರಲ್ಲಿ ಸೇನೆ ಸೇರಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ತರಬೇತಿ ಬೋಧಕನಾಗಿದ್ದವನು. 2020ರ ಜುಲೈನಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡ. ಆಸ್ಪತ್ರೆಗೆ ಬಾರದವರನ್ನು ಹುಡುಕಿಕೊಂಡು ಹೋಗುವ ಅನುದಾನಕ್ಕೆ ಅವನ ಹೆಸರಿಟ್ಟರು.

ಇದರ ಲೆಕ್ಕ ಹೀಗಿದೆ. 2021ರಿಂದ 2025ರವರೆಗಿನ ಐದು ಹಣಕಾಸು ವರ್ಷಗಳಿಗೆ ಕಾಯ್ದೆ ಒಪ್ಪಿದ ಮೊತ್ತ 17.4 ಕೋಟಿ ಡಾಲರ್. ಒಂದು ಸಂಸ್ಥೆಗೆ ವರ್ಷಕ್ಕೆ ಹೆಚ್ಚೆಂದರೆ 7.5 ಲಕ್ಷ ಡಾಲರ್. 2022ರ ಸೆಪ್ಟೆಂಬರಿನಲ್ಲಿ ಮೊದಲ ಕಂತಾಗಿ 80 ಸಂಸ್ಥೆಗಳಿಗೆ 5.25 ಕೋಟಿ ಡಾಲರ್ ಹಂಚಲಾಯಿತು. ಆ ಸಂಸ್ಥೆಗಳು 43 ರಾಜ್ಯಗಳು, ರಾಜಧಾನಿ ವಾಷಿಂಗ್ಟನ್ ಮತ್ತು ಪೆಸಿಫಿಕ್ ಸಾಗರದ ನಡುವಿನ ಅಮೆರಿಕನ್ ಸಮೋವಾದಲ್ಲಿ ಹರಡಿದ್ದವು. ಹಳ್ಳಿಗಾಡು, ಬುಡಕಟ್ಟು ಜನರ ನೆಲ, ವೈದ್ಯರಿಲ್ಲದ ಪ್ರದೇಶ, ಸಹಾಯವಾಣಿಗೆ ಹೆಚ್ಚು ಕರೆ ಬರುವ ಜಾಗಗಳಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯಲ್ಲೇ ಬರೆದಿದೆ.

ಈ ದುಡ್ಡಿನಲ್ಲಿ ಏನೇನು ಮಾಡಬಹುದು ಎಂಬ ಪಟ್ಟಿ ನನ್ನನ್ನು ಹಿಡಿದು ನಿಲ್ಲಿಸಿತು. ಮನೆಗೆ ಹೋಗಿ ಮಾತನಾಡಿಸುವುದು, ಅಪಾಯ ಎಷ್ಟಿದೆಯೆಂದು ಪ್ರಶ್ನೆ ಕೇಳಿ ಅಳೆಯುವುದು, ಒಬ್ಬ ಮಾಜಿ ಸೈನಿಕನಿಗೆ ಇನ್ನೊಬ್ಬ ಮಾಜಿ ಸೈನಿಕನನ್ನು ಜೊತೆ ಮಾಡುವುದು. ಇವೆಲ್ಲ ನಿರೀಕ್ಷಿಸಿದ್ದೇ. ಅದೇ ಪಟ್ಟಿಯಲ್ಲಿ ಸಿಗಬೇಕಾದ ಸವಲತ್ತಿನ ಅರ್ಜಿ ತುಂಬಿಕೊಡುವುದು, ಆಸ್ಪತ್ರೆಗೆ ಹೋಗಲು ವಾಹನ, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ, ವಕೀಲರ ಸಲಹೆ, ಸಾಲದ ಗೋಜಲು ಬಿಡಿಸಲು ನೆರವು ಕೂಡ ಇವೆ. ಮನೆಯಲ್ಲಿ ಜೊತೆಗಿರುವ ಹೆಂಡತಿ ಮಕ್ಕಳಿಗೂ ಸೇವೆ ಉಂಟು. ಬದುಕು ಸಾಕೆನಿಸುವುದು ಯಾವುದೋ ದೊಡ್ಡ ಯುದ್ಧದ ನೆನಪಿನಿಂದ ಮಾತ್ರವಲ್ಲ ಎಂಬುದನ್ನು ಈ ಪಟ್ಟಿ ಬರೆದವರು ಅರಿತಿದ್ದರು. ಬಾಡಿಗೆ ಬಾಕಿ, ಕೋರ್ಟಿನ ನೋಟಿಸು, ಮುರಿದ ಮದುವೆ, ಎಲ್ಲಿಯೋ ಸಿಕ್ಕಿಕೊಂಡಿರುವ ಒಂದು ಫೈಲು ಸೇರಿ ಮನುಷ್ಯನನ್ನು ಮೂಲೆಗೆ ಒತ್ತುತ್ತವೆ. ಆ ಫೈಲನ್ನು ಸರಿಸಿಕೊಡುವವನೂ ಜೀವ ಉಳಿಸುವ ಕೆಲಸವನ್ನೇ ಮಾಡುತ್ತಿದ್ದಾನೆ.

ಇದರ ಬೆನ್ನಿಗೇ 2023ರ ಜನವರಿ 17ರಿಂದ ಇನ್ನೊಂದು ನಿಯಮ ಜಾರಿಗೆ ಬಂತು. ಸಾಯುವ ಯೋಚನೆಯ ತೀವ್ರ ಸಂಕಟದಲ್ಲಿರುವ ಮಾಜಿ ಸೈನಿಕ ವಿಎ ಆಸ್ಪತ್ರೆಗೇ ಹೋಗಬೇಕಾಗಿಲ್ಲ. ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಬಹುದು, ಇಲಾಖೆಯಲ್ಲಿ ಹೆಸರು ನೋಂದಾಯಿಸಿರಬೇಕೆಂದೂ ಇಲ್ಲ. 30 ದಿನದವರೆಗೆ ಒಳರೋಗಿಯಾಗಿ, 90 ದಿನದವರೆಗೆ ಹೊರರೋಗಿಯಾಗಿ ಚಿಕಿತ್ಸೆಯ ಖರ್ಚು ಸರ್ಕಾರದ್ದು. ‘ಕಾರ್ಡ್ ತಂದಿದ್ದೀರಾ?’ ಎಂಬ ಪ್ರಶ್ನೆ ಕೇಳುವ ಹೊತ್ತು ಅದಲ್ಲ ಎಂದು ಒಂದು ಸರ್ಕಾರ ಒಪ್ಪಿಕೊಂಡಿತು.

ಮಂಜೂರಾದದ್ದೆಲ್ಲ ಮುಟ್ಟುವುದಿಲ್ಲ

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ವಿಎದ ಒಳತನಿಖಾ ವಿಭಾಗವೇ ಒಂದು ಕಹಿ ಸತ್ಯವನ್ನು ಹೊರಗೆಡವಿತು. ಸಹಾಯವಾಣಿಯ ಮುಖ್ಯ ಕೇಂದ್ರದಲ್ಲಿ ಸಾಲು ತುಂಬಿದಾಗ ಹೊರಗಿನ ಬದಲಿ ಕೇಂದ್ರಗಳಿಗೆ ತಿರುಗಿಸಿದ ಕರೆಗಳಲ್ಲಿ ಕೆಲವು ವಾಯ್ಸ್‌ಮೇಲ್‌ಗೆ ಹೋಗಿದ್ದವು. ಕತ್ತಲಲ್ಲಿ ಕೈ ಚಾಚಿದವನ ಕಿವಿಗೆ ಬಿದ್ದದ್ದು ಮುದ್ರಿತ ಧ್ವನಿ. ಆ ತಪ್ಪನ್ನು ತಿದ್ದಲು ಅದೇ ವರ್ಷ ಅಟ್ಲಾಂಟಾದಲ್ಲಿ, 2018ರಲ್ಲಿ ಕಾನ್ಸಸ್‌ನ ಟೊಪೀಕಾದಲ್ಲಿ ಹೊಸ ಕೇಂದ್ರಗಳನ್ನು ತೆರೆಯಬೇಕಾಯಿತು.

2018ರ ಇನ್ನೊಂದು ವರದಿ ದುಡ್ಡಿನದೇ. ಅಮೆರಿಕದ ಸರ್ಕಾರಿ ಲೆಕ್ಕಪತ್ರ ಕಚೇರಿ, ನಮ್ಮ ಸಿಎಜಿಯಂಥದ್ದು, ಆತ್ಮಹತ್ಯೆ ತಡೆಯ ಪ್ರಚಾರದ ಲೆಕ್ಕವನ್ನು ತೆರೆದು ನೋಡಿತು. ಆ ವರ್ಷ ಜಾಹೀರಾತುಗಳಿಗೆಂದು ಇಲಾಖೆ ತೆಗೆದಿಟ್ಟದ್ದು 62 ಲಕ್ಷ ಡಾಲರ್. ಸೆಪ್ಟೆಂಬರ್ ಹೊತ್ತಿಗೆ ಖರ್ಚಾಗಿದ್ದು 57 ಸಾವಿರ ಡಾಲರ್. ನೂರಕ್ಕೆ ಒಂದು ಭಾಗವೂ ಅಲ್ಲ. ಮುಖ್ಯ ಹುದ್ದೆಗಳು ಖಾಲಿ ಬಿದ್ದಿದ್ದವು, ಯಾರು ಸಹಿ ಹಾಕಬೇಕು ಎಂಬುದೇ ಸ್ಪಷ್ಟವಿರಲಿಲ್ಲ. ದುಡ್ಡು ಇತ್ತು, ಅದನ್ನು ದಾಟಿಸುವ ಕೈ ಇರಲಿಲ್ಲ. ನಮ್ಮ ಯಾವ ತಾಲ್ಲೂಕು ಕಚೇರಿಯನ್ನು ಬಲ್ಲವರಿಗೂ ಈ ಕಥೆ ಹೊಸದೆನಿಸದು.

ಅವಧಿಯ ಸಮಸ್ಯೆಯೂ ಇದೆ. ಫಾಕ್ಸ್ ಅನುದಾನ ಹುಟ್ಟಿದ್ದೇ ಪ್ರಾಯೋಗಿಕ ಯೋಜನೆಯಾಗಿ, ಕೊನೆಯ ದಿನಾಂಕ ಹೊತ್ತುಕೊಂಡು. ನಂಬಿಕೆ ಹುಟ್ಟಲು ವರ್ಷಗಳು ಬೇಕು. ಮೂರು ಬಾರಿ ಬಾಗಿಲು ಮುಚ್ಚಿಕೊಂಡವನು ನಾಲ್ಕನೇ ಬಾರಿ ಕಾಫಿಗೆ ಕೂರಿಸುತ್ತಾನೆ. ಅಷ್ಟರಲ್ಲಿ ಅನುದಾನ ಮುಗಿದು ಬಂದವನು ಮಾಯವಾದರೆ, ಒಳಗಿರುವವನ ಒಂಟಿತನ ಇಮ್ಮಡಿಯಾಗುತ್ತದೆ. ಇಂಥ ದುಡ್ಡು ಮಳೆಗಾಲದ ಹಳ್ಳದಂತೆ ಬಂದು ಹೋಗಬಾರದು, ಸಣ್ಣದಾದರೂ ಬಾವಿಯಂತೆ ಇರಬೇಕು.

ಕೋವಿ ಮತ್ತು ಮೊದಲ ವರ್ಷ

ವಿಎ ಕಲಿತ ಎರಡು ಪಾಠ ನಮಗೆ ನೇರವಾಗಿ ತಾಗುತ್ತವೆ. ಅಲ್ಲಿ ಮಾಜಿ ಸೈನಿಕರ ಆತ್ಮಹತ್ಯೆಗಳಲ್ಲಿ ಹತ್ತಕ್ಕೆ ಏಳಕ್ಕೂ ಹೆಚ್ಚು ಬಂದೂಕಿನಿಂದ ಆಗುವಂಥವು. ಅದಕ್ಕೇ ಇಲಾಖೆ ಬಂದೂಕಿನ ಬೀಗಗಳನ್ನು ಉಚಿತವಾಗಿ ಹಂಚುತ್ತದೆ. ಸಾಯಬೇಕೆನ್ನುವ ತೀವ್ರ ಘಳಿಗೆ ಬಹುಪಾಲು ಮಂದಿಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಘಳಿಗೆಗೂ ಆಯುಧಕ್ಕೂ ನಡುವೆ ಒಂದು ಬೀಗ, ಒಂದಷ್ಟು ದೂರ ಇದ್ದರೆ ಜೀವ ಉಳಿಯಬಹುದು. ಕೊಡಗಿನ ಮನೆಗಳಲ್ಲಿ ಕೋವಿ ಪೂಜೆಗೆ ಸಲ್ಲುವ ವಸ್ತು. ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ತೋಕ್ ಪೂ ಎಂಬ ಹೂವನ್ನು ಮುಡಿಸುತ್ತಾರೆ. ಆ ಗೌರವ ಹಾಗೆಯೇ ಇರಲಿ. ಮನೆಯಲ್ಲಿ ಒಬ್ಬರ ಮನಸ್ಸು ಕುಗ್ಗಿದೆ ಎನಿಸಿದ ದಿನಗಳಲ್ಲಿ ಕೋವಿಯನ್ನು ನಂಬಿಕೆಯ ನೆಂಟರ ಮನೆಯಲ್ಲಿ ಬೀಗದೊಳಗೆ ಇಡುವುದೂ ಅದೇ ಗೌರವದ ಭಾಗವಾಗಲಿ.

ಎರಡನೆಯ ಪಾಠ ಸಮವಸ್ತ್ರ ಕಳಚಿದ ಮೊದಲ ವರ್ಷದ್ದು. ಬೆಳಗಿನ ಬ್ಯೂಗಲ್ ಇಲ್ಲ, ಹಾಜರಿ ಇಲ್ಲ, ಹೆಗಲಿಗೆ ಹೆಗಲು ಕೊಟ್ಟ ಸಂಗಾತಿಗಳಿಲ್ಲ. ಹವಾಲ್ದಾರ್ ಎಂದರೆ ಎದ್ದು ನಿಲ್ಲುತ್ತಿದ್ದವರಿದ್ದ ಜಾಗದಿಂದ, ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಲ್ಲುವ ಕೆಲಸಕ್ಕೆ ಬಂದವನ ಒಳಗೆ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ. 2019ರ ಡಿಸೆಂಬರಿನಿಂದ ವಿಎ, ಸೇನೆ ಬಿಟ್ಟ ಪ್ರತಿಯೊಬ್ಬರಿಗೂ ಮೊದಲ ವರ್ಷದಲ್ಲಿ ಮೂರು ಬಾರಿ ತಾನೇ ಕರೆ ಮಾಡುತ್ತಿದೆ. ಅವರು ಕೇಳಲಿ ಎಂದು ಕಾಯುವುದಿಲ್ಲ.

ನಮ್ಮ ಊರಿನ ಸುಬೇದಾರರು

ನಮ್ಮಲ್ಲಿ ಜವಾನರು ಮೂವತ್ತರ ಕೊನೆಗೋ ನಲವತ್ತರ ಆರಂಭಕ್ಕೋ ನಿವೃತ್ತರಾಗಿ ಮನೆಗೆ ಬರುತ್ತಾರೆ. ಬೆಳಗಾವಿ, ಕೊಡಗಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಸಮವಸ್ತ್ರದ ಫೋಟೊ, ಗಾಜಿನ ಕಪಾಟಿನಲ್ಲಿ ಪದಕ ಇರುತ್ತವೆ. ಅವರಿಗಾಗಿ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಇದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಮಗಳ ಮದುವೆಗೆ, ಮಕ್ಕಳ ಓದಿಗೆ, ಕಡುಬಡತನಕ್ಕೆ ನೆರವು ಇದೆ. ಇವೆಲ್ಲ ಬೇಕಾದವೇ.

ಆದರೆ ಲೆಕ್ಕದ ಪುಸ್ತಕ ತೆರೆದರೆ ಅವರು ಕಾಣೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿವರ್ಷ ಹೊರತರುವ ಆತ್ಮಹತ್ಯೆಗಳ ವರದಿಯ ಉದ್ಯೋಗವಾರು ಪಟ್ಟಿಯಲ್ಲಿ ‘ನಿವೃತ್ತರು’ ಎಂಬ ಒಂದೇ ಸಾಲಿದೆ. ಮೇಷ್ಟರು, ಗುಮಾಸ್ತರು, ಸುಬೇದಾರರು ಎಲ್ಲರೂ ಅದರೊಳಗೆ ಒಂದಾಗಿ ಕರಗಿಹೋಗುತ್ತಾರೆ. ಎಣಿಸದ ಕಷ್ಟಕ್ಕೆ ಬಜೆಟ್ಟಿನಲ್ಲಿ ಜಾಗ ಸಿಗುವುದಿಲ್ಲ. ‘ಮಾಜಿ ಸೈನಿಕ’ ಎಂಬ ಒಂದು ಕಾಲಂ ಸೇರಿಸಲು ಕೋಟಿಗಟ್ಟಲೆ ಬೇಕಿಲ್ಲ. ಮೊದಲ ಹೆಜ್ಜೆ ಅದು.

ಎರಡನೆಯದಕ್ಕೆ ಬೇಕಾದ ಸಾಮಗ್ರಿ ನಮ್ಮ ಬೆಂಗಳೂರಿನಲ್ಲೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಮೇಲುಸ್ತುವಾರಿ ಕೇಂದ್ರ ನಿಮ್ಹಾನ್ಸ್. 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರು ಮತ್ತು ಅವರ ಕುಟುಂಬಕ್ಕಾಗಿ ಇದರದೇ ಒಂದು ವಿಶೇಷ ಘಟಕವೂ ಶುರುವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 2022ರ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ, 2030ರೊಳಗೆ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟಿದೆ. ಫೋನು, ಕಾನೂನು, ಗುರಿ ಮೂರೂ ಇವೆ. ಇಲ್ಲದಿರುವುದು, ಫೋನು ಎತ್ತದವನ ಮನೆಯವರೆಗೆ ನಡೆದುಹೋಗುವ ಒಬ್ಬ ಮನುಷ್ಯ ಮತ್ತು ಅವನಿಗೆ ಸಂಬಳ ಕೊಡುವ ಒಂದು ಅನುದಾನ.

ಆ ಮನುಷ್ಯನನ್ನು ಹುಡುಕಲು ದೂರ ಹೋಗಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಮಾಜಿ ಸೈನಿಕರ ಸಂಘಗಳಿವೆ. ಅವರು ಸೇರುವ ಜಾಗಗಳೂ ಗೊತ್ತಿರುವವೇ: ಮಿಲಿಟರಿ ಕ್ಯಾಂಟೀನಿನ ಸಾಲು, ಪಾಲಿಕ್ಲಿನಿಕ್‌ನ ಬೆಂಚು, ಪಿಂಚಣಿ ಬರುವ ಬ್ಯಾಂಕು. ಪ್ರತಿ ತಾಲ್ಲೂಕಿಗೆ ಇಬ್ಬರು ಮಾಜಿ ಸೈನಿಕರಿಗೆ ನಿಮ್ಹಾನ್ಸ್ ತರಬೇತಿ ಕೊಡಿಸಿ, ಗೌರವಧನ ಕೊಟ್ಟು, ಓಡಾಟದ ಖರ್ಚು ಭರಿಸಿದರೆ ಸಾಕು. ಸುಬೇದಾರ್ ಸಾಹೇಬರು ಡಾಕ್ಟರ ಮುಂದೆ ಬಾಯಿ ಬಿಡಲಿಕ್ಕಿಲ್ಲ. ತಮ್ಮಂತೆಯೇ ಹಿಮದಲ್ಲಿ ಕಾವಲು ನಿಂತ ಇನ್ನೊಬ್ಬ ಸುಬೇದಾರರ ಮುಂದೆ ಬಿಡುತ್ತಾರೆ.

ತಡಮಾಡಲು ಸಮಯವೂ ಇಲ್ಲ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ಸೇನೆಯಲ್ಲಿ ಉಳಿಯುವವರು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು ಎಂಬುದು ಯೋಜನೆಯ ನಿಯಮ. ಉಳಿದವರು ಇಪ್ಪತ್ತರ ಹರೆಯದಲ್ಲೇ, ಪಿಂಚಣಿಯಿಲ್ಲದೆ, ಸೇವಾನಿಧಿಯ ಇಡಿಗಂಟು ಹಿಡಿದು ಊರಿಗೆ ಬರುತ್ತಾರೆ. ಅಮೆರಿಕದ ಅಂಕಿಗಳಲ್ಲಿ 18ರಿಂದ 34 ವಯಸ್ಸಿನ ಮಾಜಿ ಸೈನಿಕರಲ್ಲೇ ಆತ್ಮಹತ್ಯೆಯ ಪ್ರಮಾಣ ಅತಿ ಹೆಚ್ಚು. ಈ ಹುಡುಗರಿಗೆ ಮೊದಲ ವರ್ಷ ಮೂರು ಫೋನ್ ಕರೆ ಮಾಡುವ ವ್ಯವಸ್ಥೆಯನ್ನಾದರೂ ನಾವು ಕಟ್ಟಿಕೊಳ್ಳಬೇಕು.

ಪ್ರತಿ ವರ್ಷ, ಸಾಮಾನ್ಯವಾಗಿ ನವೆಂಬರಿನಲ್ಲಿ, ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡುತ್ತಾರೆ. ಬೆರಳಿನ ಗುರುತು ಒತ್ತಿಯೋ, ಮುಖದ ಚಿತ್ರ ತೆಗೆಸಿಯೋ ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ರುಜುವಾತು ಮಾಡುತ್ತಾರೆ. ವರ್ಷಕ್ಕೊಮ್ಮೆ ಆ ನಿವೃತ್ತ ಸೈನಿಕ ಸರ್ಕಾರದ ಎದುರು ಬಂದು ನಿಲ್ಲುವ ಕ್ಷಣ ಅದು. ಕೌಂಟರಿನ ಈಚೆ ತರಬೇತಿ ಪಡೆದ ಒಬ್ಬರು ಕುಳಿತು, ಕುರ್ಚಿ ಎಳೆದು ಕೊಟ್ಟು, ಹೇಗಿದ್ದೀರಿ ಸಾಹೇಬ್ರೇ, ರಾತ್ರಿ ನಿದ್ದೆ ಬರುತ್ತಾ ಎಂದು ಕೇಳಿದರೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಆ ಹತ್ತು ನಿಮಿಷಕ್ಕೆ ಹಣ ಒದಗಿಸಿ ಎಂಬುದೇ ನಮ್ಮ ಸಂಸದರಲ್ಲಿ, ಶಾಸಕರಲ್ಲಿ ನನ್ನ ಬೇಡಿಕೆ.

ಸರ್ಕಾರ ಕೇಳುವವರೆಗೆ ನೀವು ಕೇಳಿ. ನಿಮ್ಮ ಬೀದಿಯಲ್ಲಿ ರಿಟೈರ್ ಆಗಿ ಬಂದ ಮಿಲಿಟರಿಯವರು ಇತ್ತೀಚೆಗೆ ಹೊರಗೆ ಕಾಣುತ್ತಿಲ್ಲವಾದರೆ ಬಾಗಿಲು ತಟ್ಟಿ. ಸಾಯುವ ಮಾತು ಅವರ ಬಾಯಿಂದ ಬಂದರೆ ಹಗುರಾಗಿ ತೆಗೆದುಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ, ಜೊತೆಗೆ ಕುಳಿತು ಕರೆ ಮಾಡಿ. ಟೆಲಿ ಮಾನಸ್ ಸಂಖ್ಯೆ 14416. ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.